ಹೊಸ್ತಿಲಿಲ್ಲದ ಮನೆ

2025 ಆಗಸ್ಟ್ 3, ಭಾನುವಾರ. ಹಾಸನ

ಏಜೆನ್ಸಿಯವರು ಕಳಿಸಿದ್ದ ಹೆಂಗಸು ಬೆಳಿಗ್ಗೆ ತಿಂಡಿ ತಿಂದು, ಊರಲ್ಲಿ ಮಗುವಿಗೆ ಜ್ವರ, ಎರಡು ದಿನ ಬಿಟ್ಟು ಬರ್ತೀನಿ ಅಂತ ಹೋದಳು. ಬಟ್ಟೆಯ ಚೀಲದ ಜೊತೆ ಫೋನಿನ ಚಾರ್ಜರನ್ನೂ ಒಯ್ದವಳು ವಾಪಸು ಬರುವುದಿಲ್ಲ ಅನ್ನುವುದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಏಜೆನ್ಸಿಗೆ ಫೋನ್ ಮಾಡಿದೆ. "ಬದಲಿ ಕಳಿಸ್ತೀವಿ ಮೇಡಂ." ಬದಲಿ ಬರುತ್ತಾಳೆ, ಮಾತ್ರೆಯ ಹೊತ್ತು ಕಲಿಯುತ್ತಾಳೆ, ಅತ್ತೆ ಅವಳ ಕೈಗೆ ಒಗ್ಗುವಷ್ಟರಲ್ಲಿ ಅವಳೂ ಚಾರ್ಜರ್ ಸುತ್ತುತ್ತಾಳೆ. ನಾವು ಕೊಡುವುದು ತಿಂಗಳಿಗೆ 22,000. ಅದರಲ್ಲಿ ಅವಳ ಕೈಗೆ ಎಷ್ಟು ಸೇರುತ್ತದೆ ಅಂತ ಹೋದ ವಾರ ಕೇಳಿದ್ದೆ. ಉತ್ತರ ಕೇಳಿದ ಮೇಲೆ ಇವತ್ತು ಅವಳ ಮೇಲೆ ಸಿಟ್ಟು ಬರಲಿಲ್ಲ.

ನನ್ನ ಸೋದರತ್ತೆಗೆ 79. ಪಾರ್ಕಿನ್ಸನ್ ಅಂತ ಗೊತ್ತಾಗಿ ಒಂಬತ್ತು ವರ್ಷವಾಯಿತು. ಗಣಿತ ಕಲಿಸಿ ಹೆಡ್‌ಮಿಸ್ ಆಗಿ ನಿವೃತ್ತರಾದವರು, ಮದುವೆಯಾಗಲಿಲ್ಲ. ತಲೆ ನನಗಿಂತ ಚುರುಕು. ಕಾಲು ಮಾತ್ರ ಮಾತು ಕೇಳುವುದಿಲ್ಲ. ನಡುಮನೆಯಲ್ಲಿ ಸರಸರ ಓಡಾಡುವವರು ಬಾಗಿಲ ಹತ್ತಿರ ಬಂದು ನಿಂತರೆ ನಿಂತರು, ಪಾದ ಏಳುವುದೇ ಇಲ್ಲ. ಇಕ್ಕಟ್ಟು ಬಾಗಿಲು, ಹೊಸ್ತಿಲು, ತಿರುವು, ಇವೇ ಈ ಕಾಯಿಲೆಗೆ ಅಡ್ಡಿ. ನಮ್ಮಜ್ಜ ಕಟ್ಟಿಸಿದ ಮನೆಯಲ್ಲಿ ಇವು ಮೂರೂ ಬೇಕಾದಷ್ಟಿವೆ. ವಿಚಿತ್ರವೆಂದರೆ ನೆಲದ ಮೇಲೆ ಅಡ್ಡಗೆರೆ ಕಂಡರೆ ಕಾಲು ತಾನಾಗಿ ಎದ್ದು ದಾಟುತ್ತದೆ. ಫಿಸಿಯೋಥೆರಪಿಯ ಹುಡುಗ ಬಣ್ಣದ ಟೇಪ್ ಅಂಟಿಸಿ ಎಂದಿದ್ದ. ಅತ್ತೆ ಕಪಾಟಿನಿಂದ ಸೀಮೆಸುಣ್ಣ ತೆಗೆಸಿ, ಸ್ಕೇಲ್ ಇಡಿಸಿ, ಅಳತೆಯ ಗೆರೆ ಹಾಕಿಸಿದರು. ಕೆಲಸದವಳು ನೆಲ ಒರೆಸಿದಾಗಲೆಲ್ಲ ಮತ್ತೆ ಹಾಕಬೇಕು.

ಹೋದ ತಿಂಗಳು ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದರು. ಮೂಳೆಗೆ ಏನೂ ಆಗಲಿಲ್ಲ, ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಮಾತು ತೆಗೆದವರು ಅವರೇ. "ಇನ್ನು ಇಲ್ಲಿ ಆಗಲ್ಲ ಕಣೇ. ಒಂದು ಜಾಗ ನೋಡು. ನಿನ್ನ ಮನೆ ಅಂತ ಶುರು ಮಾಡಬೇಡ. ನಿನಗೂ ಅರವತ್ತೆರಡು. ನನ್ನನ್ನ ಎತ್ತೋಕೆ ನೀನು ಬಂದ್ರೆ, ನಿನ್ನನ್ನ ಎತ್ತೋಕೆ ಇನ್ನಿಬ್ಬರು ಬೇಕಾಗ್ತಾರೆ."

ಆಗಸ್ಟ್ 9, ಶನಿವಾರ. ಮೈಸೂರು

ತಮ್ಮ ಬೆಂಗಳೂರಿನಿಂದ ಫೋನ್ ಮಾಡಿದ. "ಅಕ್ಕ, ಜನ ಏನಂತಾರೆ" ಎಂದು ಶುರುವಾದ ಮಾತು "ಹಾಸನದ ಮನೆ ಏನು ಮಾಡೋದು" ಎಂಬಲ್ಲಿಗೆ ಬಂದು ನಿಂತಿತು. ಅತ್ತೆಯ ಕೈ ಸಹಿ ಮಾಡುವಷ್ಟು ಇರುವಾಗಲೇ ದಾನಪತ್ರ ಮಾಡಿಸಿಬಿಡೋಣ ಅಂತ ಅವನ ಯೋಚನೆ. ಕೆಟ್ಟ ಯೋಚನೆಯೇನಲ್ಲ, ಅವಸರದ ಯೋಚನೆ.

ಬ್ಯಾಂಕಿನಲ್ಲಿ ಇಷ್ಟು ವರ್ಷ ಕಾಗದ ಓದಿದ ಚಾಳಿ, ಸಂಜೆ 2007ರ ಹಿರಿಯ ನಾಗರಿಕರ ಪೋಷಣೆ ಕಾಯಿದೆ ತೆಗೆದು ಕೂತೆ. ಮಕ್ಕಳಿಲ್ಲದ ಹಿರಿಯರನ್ನು ನೋಡಿಕೊಳ್ಳುವ ಹೊಣೆ ಅವರ ಆಸ್ತಿ ಇಟ್ಟುಕೊಂಡಿರುವ, ಇಲ್ಲವೇ ಮುಂದೆ ಆ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರದು. ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಅಂದರೆ ಅತ್ತೆ ನಮ್ಮಿಬ್ಬರ ಮೇಲೂ ಅರ್ಜಿ ಹಾಕಬಹುದು. ದಾನಪತ್ರ ಮಾಡಿಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಲು 23ನೇ ಕಲಂ ಇದೆ. ಆದರೆ ನೋಡಿಕೊಳ್ಳಬೇಕು ಎನ್ನುವ ಷರತ್ತಿನ ಮೇಲೆ ಕೊಟ್ಟ ದಾನವಾಗಿರಬೇಕು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟನ್ನೂ ಅತ್ತೆಗೆ ಫೋನಿನಲ್ಲೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ದಾನ ಯಾಕೆ? ಉಯಿಲು ಸಾಕು. ಉಯಿಲಾದ್ರೆ ಯಾವಾಗ ಬೇಕಾದ್ರೂ ಬದಲಾಯಿಸಬಹುದು, ನೀವಿಬ್ಬರೂ ನೆಟ್ಟಗಿರ್ತೀರಿ" ಎಂದರು.

ಅದೇ ಕಾಯಿದೆಯಲ್ಲಿ ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮವನ್ನು, ಕನಿಷ್ಠ 150 ನಿರ್ಗತಿಕರಿಗೆ ಸಾಲುವಂತೆ, ಸರ್ಕಾರ ಸ್ಥಾಪಿಸಬಹುದು ಎಂದಿದೆ. 'ಬಹುದು.' ಅದೂ ನಿರ್ಗತಿಕರಿಗೆ. ಪಿಂಚಣಿ ಬರುವ, ಎತ್ತುವ ಕೈ ಇಲ್ಲದ ಅತ್ತೆಯಂಥವರು ಕಾಯಿದೆ ಬರೆದವರ ಕಣ್ಣಿಗೆ ಬಿದ್ದಂತಿಲ್ಲ.

ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಮೈಸೂರಿನ ಸುತ್ತಮುತ್ತಲ ಮನೆಗಳ ಪಟ್ಟಿ ಕೇಳಿದೆ. ತಾಳ್ಮೆಯಿಂದ ಮಾತಾಡಿದರು.

ಆಗಸ್ಟ್ 17, ಭಾನುವಾರ

ಟ್ರಸ್ಟ್ ನಡೆಸುವ ಆಶ್ರಮವೊಂದನ್ನು ನೋಡಿ ಬಂದೆ. ಊರಾಚೆ, ಸಪೋಟ ಮರಗಳು, ಒರೆಸಿ ಹೊಳೆಯುವ ಕಡಪ ಕಲ್ಲಿನ ನೆಲ. ತಿಂಗಳಿಗೆ 9,000, ಊಟ ವಸತಿ ಸೇರಿ. ನೋಂದಾಯಿತ ಧರ್ಮಸಂಸ್ಥೆಯ ಮನೆಗೆ ತಿಂಗಳಿಗೆ 25,000ದವರೆಗೆ ಜಿಎಸ್‌ಟಿಯೂ ಇಲ್ಲ. ಕಾರ್ಯದರ್ಶಿ ಪ್ರಾರ್ಥನಾ ಮಂದಿರ, ಗೋಶಾಲೆ, ಗ್ರಂಥಾಲಯ ಎಲ್ಲ ತೋರಿಸಿದರು. ಅರ್ಜಿ ನಮೂನೆಯ ಎರಡನೇ ಸಾಲಿನಲ್ಲಿ ದಪ್ಪ ಅಕ್ಷರ: 'ಸ್ವತಃ ಓಡಾಡುವ ಹಾಗೂ ತಮ್ಮ ನಿತ್ಯಕರ್ಮಗಳನ್ನು ತಾವೇ ಮಾಡಿಕೊಳ್ಳುವ ಹಿರಿಯರಿಗೆ ಮಾತ್ರ.'

"ಇಲ್ಲಿಗೆ ಬಂದ ಮೇಲೆ ಹಾಸಿಗೆ ಹಿಡಿದರೆ?"

"ಮನೆಯವರಿಗೆ ತಿಳಿಸ್ತೀವಿ."

"ಮನೆಯವರು ಬರದಿದ್ರೆ?"

"ಬನ್ನಿ, ಊಟದ ಹಾಲ್ ನೋಡೋಣ."

ಅವರ ಮೇಲೆ ತಪ್ಪು ಹೊರಿಸುವಂತಿಲ್ಲ. 9,000ಕ್ಕೆ ಮೂರು ಹೊತ್ತು ಅನ್ನ ಹಾಕಬಹುದು, ರಾತ್ರಿ ಪಾಳಿಯ ನರ್ಸನ್ನು ಇಡಲಾಗದು. ಆದರೆ ಈ ಹುಡುಕಾಟದಲ್ಲಿ ನಾನು ಕೇಳಬೇಕಾದ ಮೊದಲ ಪ್ರಶ್ನೆ ಯಾವುದು ಅಂತ ಅಲ್ಲಿ ಗೊತ್ತಾಯಿತು. ಎದ್ದು ಓಡಾಡುವವರಿಗೆ ಊರೆಲ್ಲ ಬಾಗಿಲು ತೆರೆದಿದೆ. ಮಲಗಿದವರನ್ನು ಇಟ್ಟುಕೊಳ್ಳುವವರು ಯಾರು?

ಆಗಸ್ಟ್ 27, ಬುಧವಾರ. ಹಾಸನ

ಗಣೇಶನ ಹಬ್ಬ. ಅತ್ತೆಯನ್ನು ನೋಡಲು ಬಂದ ದೂರದ ನೆಂಟರೊಬ್ಬರು ನಸುಗುನ್ನಿ ಬೀಜದ ಪುಡಿ ತಂದಿದ್ದರು. ಹಾಲಲ್ಲಿ ಕದಡಿ ಕುಡಿದರೆ ಕಂಪವಾತ ನಿಲ್ಲುತ್ತದಂತೆ. ಪೂರ್ತಿ ಸುಳ್ಳೇನಲ್ಲ. ಅತ್ತೆ ನುಂಗುವ ಮಾತ್ರೆಯಲ್ಲಿರುವ ಲೆವೊಡೋಪಾ ಆ ಬೀಜದಲ್ಲೂ ಇದೆ. ಡಾಕ್ಟರಿಗೆ ಇದು ಗೊತ್ತಿದ್ದೇ, ಲೆಕ್ಕ ಹಾಕಿ ಕೊಟ್ಟ ಮಾತ್ರೆಯ ಮೇಲೆ ಲೆಕ್ಕವಿಲ್ಲದ್ದನ್ನು ಸುರಿಯಬೇಡಿ ಎಂದು ಹಿಂದೆಯೇ ಹೇಳಿದ್ದರು. ಅತ್ತೆ ಪುಡಿಯ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನ ಹಿಂದೆ ಇಡಿಸಿದರು. ನೆಂಟರಿಗೆ ತೃಪ್ತಿಯಾಯಿತು. ಕಡುಬು ಚೆನ್ನಾಗಿತ್ತು.

ಸೆಪ್ಟೆಂಬರ್ 6, ಶನಿವಾರ. ಮೈಸೂರು

ತಮ್ಮ ಕಳಿಸಿದ ಕರಪತ್ರದ ಹಿಂದೆ ಬಿದ್ದು ಹಿರಿಯರ 'ಟೌನ್‌ಶಿಪ್' ನೋಡಲು ಹೋಗಿದ್ದೆ. ಈಜುಕೊಳ, ಯೋಗದ ಹಾಲ್, ಬ್ಯಾಟರಿ ಗಾಡಿ. ಮನೆ ಕೊಳ್ಳಬೇಕು, ಇಲ್ಲವೇ ದೊಡ್ಡ ಠೇವಣಿ ಇಟ್ಟು ಇರಬೇಕು. ಆರೈಕೆ ಬೇಕಾದರೆ ಅದೇ ಆವರಣದ ಬೇರೆ ಕಟ್ಟಡ, ಅದರ ದರ ಬೇರೆ, ಜಿಎಸ್‌ಟಿ ಬೇರೆ. ತೋರಿಸಲು ಬಂದ ಹುಡುಗ ನನ್ನನ್ನೇ ಗಿರಾಕಿ ಅಂದುಕೊಂಡು "ಮೇಡಂ, ನೀವಿನ್ನೂ ಯಂಗ್, ಈಗಲೇ ಬುಕ್ ಮಾಡಿದ್ರೆ ಲಾಭ" ಎಂದ. ಅಷ್ಟು ದೂರ ಹೋದದ್ದಕ್ಕೆ ಅದೊಂದು ಸಿಕ್ಕಿತು.

ಆರೈಕೆ ಕಟ್ಟಡದ ನರ್ಸನ್ನು ಮಾತ್ರೆ ಯಾವಾಗ ಕೊಡುತ್ತೀರಿ ಎಂದು ಕೇಳಿದೆ. ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8, ಟ್ರಾಲಿ ಬರುತ್ತದೆ. ಅತ್ತೆಯ ಹೊತ್ತು 6, 10, 2, 6, 10. ಅರ್ಧ ಗಂಟೆ ತಡವಾದರೆ ಮೈ ಬಿಗಿಯುತ್ತದೆ, ಒಂದು ಗಂಟೆ ತಡವಾದರೆ ಕುರ್ಚಿಯಿಂದ ಏಳಲಾಗುವುದಿಲ್ಲ. ಊಟಕ್ಕೆ ಮುಂಚೆಯೇ ಕೊಡಬೇಕು, ಯಾಕೆಂದರೆ ಬೇಳೆ, ಮೊಸರಿನ ಪ್ರೋಟೀನು ಔಷಧಿಯ ದಾರಿಗೆ ಅಡ್ಡ ನಿಲ್ಲುತ್ತದೆ. ಇಷ್ಟು ಹೇಳಿದಾಗ ನರ್ಸ್ ಮುಖದಲ್ಲಿ ಒಂದು ಗೌರವ ಕಂಡಿತು, ಬಾಯಲ್ಲಿ "ನಮ್ಮ ಸಿಸ್ಟಮ್‌ನಲ್ಲಿ ಅದು ಕಷ್ಟ ಮೇಡಂ" ಬಂತು. ನಿಜ ಹೇಳಿದ್ದಕ್ಕೆ ಕೈ ಮುಗಿದು ಬಂದೆ.

ರಾತ್ರಿ ತಮ್ಮನ ಫೋನ್. ಅವನ ಸಹೋದ್ಯೋಗಿಯ ಜರ್ಮನಿಯ ಅತ್ತೆ ಮನೆಯಲ್ಲಿ ಮುದುಕರ ಆರೈಕೆಗೇ ವಿಮೆ ಇದೆಯಂತೆ. ಇದೆ. ಜರ್ಮನಿಯಲ್ಲಿ 1995ರಿಂದ, ಜಪಾನಿನಲ್ಲಿ 2000ದಿಂದ. ನಮ್ಮಲ್ಲಿ 70 ದಾಟಿದವರಿಗೆ ಆಯುಷ್ಮಾನ್ ಯೋಜನೆಯ 5 ಲಕ್ಷ ಬಂದಿದೆ, ಅದು ಆಸ್ಪತ್ರೆ ಸೇರಿದರೆ ಮಾತ್ರ. ಬಿದ್ದು ಮೂಳೆ ಮುರಿದುಕೊಂಡರೆ ಖರ್ಚಿಗೆ ಆಗುತ್ತದೆ, ಬೀಳದ ಹಾಗೆ ಕೈ ಹಿಡಿಯುವವಳ ಸಂಬಳಕ್ಕೆ ಆಗುವುದಿಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಊರೊಳಗೇ ಇರುವ ಒಂದು ಸಣ್ಣ ಮನೆ. ಎರಡು ಅಂತಸ್ತಿನ ವಾಸದ ಮನೆಯನ್ನೇ ಮಾರ್ಪಡಿಸಿದ್ದಾರೆ. ನಡೆಸುವವರು ಆಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ಬಿಟ್ಟುಬಂದ ನರ್ಸ್. ಭಾನುವಾರ ಹಗಲು ನೋಡಿದ್ದೆ. ಇವತ್ತು ಹೇಳದೆ ಕೇಳದೆ ರಾತ್ರಿ ಒಂಬತ್ತಕ್ಕೆ ಹೋದೆ. ವೃದ್ಧಾಶ್ರಮಗಳೆಲ್ಲ ಹಗಲು ಹನ್ನೊಂದು ಗಂಟೆಗೆ ಚೆಂದವಾಗಿಯೇ ಇರುತ್ತವೆ. ಸ್ನಾನ ಮುಗಿದಿರುತ್ತದೆ, ಹಾಸಿಗೆ ಬದಲಾಗಿರುತ್ತದೆ, ಸಾಂಬಾರಿನ ವಾಸನೆ ಬೇರೆಲ್ಲ ವಾಸನೆಯನ್ನೂ ಮುಚ್ಚಿರುತ್ತದೆ.

ಅವರು ಗೊಣಗದೆ ಬಾಗಿಲು ತೆಗೆದರು. ಎಚ್.ಡಿ. ಕೋಟೆ ಕಡೆಯ ಇಬ್ಬರು ಹುಡುಗಿಯರು ರಾತ್ರಿ ಪಾಳಿಯಲ್ಲಿದ್ದರು, ಇಬ್ಬರೂ ಎಚ್ಚರವಾಗಿದ್ದರು. ಮಂಚದ ಕಾಲಬುಡದಲ್ಲಿ ಕಟ್ಟಿದ ಹಾಳೆ ಕೇಳಿ ನೋಡಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದು: ಎಡ, ಬಲ, ಅಂಗಾತ, ಪಕ್ಕದಲ್ಲಿ ಸಹಿ. ಹಿಂದಿನ ವಾರದ ಹಾಳೆ ಕೇಳಿದೆ. ಅದೂ ಇತ್ತು. ಒಂದೇ ಪೆನ್ನಿನಲ್ಲಿ ಒಂದೇ ಸಲ ಗೀಚಿದ್ದಾಗಿರಲಿಲ್ಲ, ಬೇರೆಬೇರೆ ಕೈಬರಹ, ಒಂದು ಕಡೆ ತಪ್ಪಿದ್ದನ್ನು ತಪ್ಪಿದೆ ಎಂದೇ ಬರೆದಿತ್ತು. ಬ್ಯಾಂಕಿನವಳಿಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ. ಮೂಗಿನ ನಳಿಕೆ ಇರುವವರನ್ನೂ ಇಟ್ಟುಕೊಳ್ಳುತ್ತಾರೆ. ಹಾಸಿಗೆ ಹುಣ್ಣಿಗೆ ಗಾಳಿ ಹಾಸಿಗೆ ಇದೆ. "ಕೊನೇವರೆಗೂ ಇಟ್ಕೊಳ್ತೀರಾ?" ಎಂದು ಕೇಳಿದೆ. "ಬಂದೋರೆಲ್ಲ ಇಲ್ಲೇ ಹೋಗಿದ್ದಾರೆ" ಎಂದರು, ಅಷ್ಟೇ ಸಲೀಸಾಗಿ.

ತಿಂಗಳಿಗೆ 36,000. ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡೇ ಮನೆಗೆ ಬಂದೆ.

ಸೆಪ್ಟೆಂಬರ್ 25, ಗುರುವಾರ. ಹಾಸನ

ಮೈಸೂರಲ್ಲಿ ದಸರಾ ಗದ್ದಲ, ಊರು ಬಿಟ್ಟು ಬರಲು ಒಳ್ಳೆಯ ನೆಪ. ಅತ್ತೆಯ ಚೆಕ್ಕು ವಾಪಸು ಬಂದಿತ್ತು, ಸಹಿ ಹೊಂದುತ್ತಿಲ್ಲ ಅಂತ. ಕೊನೆಯ ಬೆಂಚಿಗೂ ಕಾಣುವಂತೆ ಬೋರ್ಡಿನ ಮೇಲೆ ಬರೆಯುತ್ತಿದ್ದವರ ಅಕ್ಷರ ಈಗ ಸಾಸಿವೆ ಕಾಳಿನಷ್ಟಾಗಿದೆ. ಶುರುವಿನ ಅಕ್ಷರ ಸುಮಾರಾಗಿರುತ್ತದೆ, ಬರೆಯುತ್ತ ಹೋದಂತೆ ಕುಗ್ಗುತ್ತದೆ. ಇದೂ ಕಾಯಿಲೆಯ ಲಕ್ಷಣವೇ.

ಕೌಂಟರಿನ ಹುಡುಗನಿಗೆ ನಿಯಮ ಗೊತ್ತಿರಲಿಲ್ಲ. ಸಹಿ ಹಾಕಲಾಗದ ವೃದ್ಧರ ಹೆಬ್ಬೆಟ್ಟು ಗುರುತನ್ನು ಇಬ್ಬರು ಸಾಕ್ಷಿಗಳ ಮುಂದೆ ತೆಗೆದುಕೊಳ್ಳಬಹುದು, ಒಬ್ಬರು ಬ್ಯಾಂಕಿನವರೇ ಆಗಿರಬೇಕು. ಮ್ಯಾನೇಜರು ಮನೆಗೇ ಬಂದು ಮಾಡಿಸಿಕೊಂಡು ಹೋದರು. ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗ ಅತ್ತೆ ಮುಖ ತಿರುಗಿಸಿದರು. ಮೂವತ್ತಕ್ಕೂ ಹೆಚ್ಚು ವರ್ಷ ಹೆಬ್ಬೆಟ್ಟಿನ ಅಪ್ಪಂದಿರಿಗೆ ಸಹಿ ಕಲಿಸಿಕೊಂಡು ಬಂದವರು. ನಾನು ಆ ಹೊತ್ತಿಗೆ ಕಾಫಿ ನೋಡಲು ಒಳಗೆ ಹೋದೆ.

ತಮ್ಮ ಪವರ್ ಆಫ್ ಅಟಾರ್ನಿ ಸಾಕಲ್ಲ ಎಂದ. ಸದ್ಯಕ್ಕೆ ಸಾಕು. ಆದರೆ ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದ ದಿನ ಆ ಪತ್ರ ಸಾಯುತ್ತದೆ. 1872ರ ಕರಾರು ಕಾಯಿದೆಯ ಮಾತು. ಹೆಚ್ಚಿನವರು ಅದನ್ನೇ ಆ ದಿನಕ್ಕೆಂದು ಮಾಡಿಸಿಟ್ಟಿರುತ್ತಾರೆ. ಖಾತೆಯನ್ನು ನನ್ನ ಜೊತೆ ಜಂಟಿ ಮಾಡಿಸಿದೆವು.

ಅಕ್ಟೋಬರ್ 5, ಭಾನುವಾರ. ಮೈಸೂರು

ಅತ್ತೆಯನ್ನು ಕರೆತಂದು ಎರಡು ಮನೆ ತೋರಿಸಿದೆ. ಎರಡನೆಯದು ಪಟ್ಟಿಯಲ್ಲಿತ್ತು ಅಂತ, ದಾರಿಯಲ್ಲಿತ್ತು ಅಂತ.

ಮೊದಲು ನರ್ಸಮ್ಮನ ಮನೆ. ಅತ್ತೆ ಎಲ್ಲವನ್ನೂ ನೋಡಿದರು. ಮಲಗಿದ್ದ ಒಬ್ಬರ ಕೈ ಹಿಡಿದು ಹೆಸರು ಕೇಳಿದರು. ಅವರು ನಕ್ಕರು, ಹೆಸರು ಬರಲಿಲ್ಲ. ಊಟದ ಮೇಜಿನ ಮೇಲೆ ಮಡಿಸಿದ ಬಟ್ಟೆಗಳಿದ್ದವು. "ಇಲ್ಲಿ ಕೂತು ಊಟ ಮಾಡೋರು ಎಷ್ಟು ಜನ?" ಎಂದು ಅತ್ತೆ ಕೇಳಿದರು. ನರ್ಸಮ್ಮ ನನ್ನ ಮುಖ ನೋಡಿ, ಆಮೇಲೆ ಅತ್ತೆಯ ಮುಖ ನೋಡಿ, "ಈಗ ಒಬ್ಬರು ಅಮ್ಮ" ಎಂದರು.

ಎರಡನೆಯದು ಹೊಸ ಕಟ್ಟಡ, ನೆಲ ಅಂತಸ್ತೇ ಎಲ್ಲ. ಒಂದೂ ಹೊಸ್ತಿಲಿಲ್ಲ, ಬಾಗಿಲುಗಳು ಗಾಲಿಕುರ್ಚಿ ನುಗ್ಗುವಷ್ಟು ಅಗಲ. "ಹೊಸ್ತಿಲೇ ಇಲ್ವಲ್ಲೇ, ಲಕ್ಷ್ಮಿ ಎಲ್ಲಿ ಕೂರ್ತಾಳೆ?" ಎನ್ನುತ್ತಲೇ ಅತ್ತೆ ವಾಕರ್ ಹಿಡಿದು ಒಳಗೆ ನಡೆದರು. ಎಲ್ಲೂ ನಿಲ್ಲಲಿಲ್ಲ. ಟೈಲ್ಸ್‌ಗಳ ನಡುವೆ ಕಪ್ಪು ಪಟ್ಟಿ ಇತ್ತು, ಗೆರೆಯ ಕೆಲಸ ಅದೇ ಮಾಡಿರಬೇಕು. ಜಗಲಿಯಲ್ಲಿ ಐದಾರು ಜನ ಪೇಪರ್ ಹಂಚಿಕೊಂಡು ಓದುತ್ತ ಯಾವುದೋ ರಾಜಕಾರಣಿಯ ವಿಷಯಕ್ಕೆ ಜಗಳ ಆಡುತ್ತಿದ್ದರು. ಕೆಇಬಿಯಲ್ಲಿದ್ದ ಒಬ್ಬ ನಿವೃತ್ತ ಎಂಜಿನಿಯರು ಸುಡೊಕು ತಪ್ಪು ತುಂಬಿ ಕೂತಿದ್ದರು. ಅತ್ತೆ ಅವರ ಭುಜದ ಮೇಲಿಂದ ಬಗ್ಗಿ ನೋಡಿದರು. ಅಷ್ಟಕ್ಕೇ ನನಗೆ ಗೊತ್ತಾಯಿತು.

ಆ ಮನೆಯ ಕರಾರಿನ 11ನೇ ಕಲಂ: ನಿವಾಸಿಯು ಹಾಸಿಗೆ ಹಿಡಿದಲ್ಲಿ 15 ದಿನಗಳೊಳಗೆ ಕುಟುಂಬದವರು ಕರೆದೊಯ್ಯತಕ್ಕದ್ದು.

ಕಾರಿನಲ್ಲಿ ವಾದವಾಯಿತು. ಮುಂದೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನುಂಗುವುದು ಕಷ್ಟವಾಗುತ್ತದೆ, ಏಳುವುದು ಕಷ್ಟವಾಗುತ್ತದೆ, ಆಗ ಇನ್ನೊಂದು ಸಲ ಜಾಗ ಬದಲಿಸುವುದು ನಿಮಗೇ ಹಿಂಸೆ ಎಂದೆ. ಅತ್ತೆ ಕಿಟಕಿಯಾಚೆ ನೋಡುತ್ತ, "ಆಗಿನ ಹಿಂಸೆ ಆಗಿನದು. ನಾನಿನ್ನೂ ಮಲಗಿಲ್ಲ ಕಣೇ. ಮಲಗಿದ ಮೇಲೆ ಆ ನರ್ಸಮ್ಮನ ಹತ್ರ ಹಾಕು, ಬೇಡ ಅನ್ನಲ್ಲ. ಅಲ್ಲೀತನಕ ನನಗೆ ಜಗಳ ಆಡೋರು ಬೇಕು" ಎಂದರು.

ನನಗೆ ಒಪ್ಪಿಗೆಯಾಗಿಲ್ಲ. ಹಾಸಿಗೆ ಹಿಡಿಯುವ ದಿನ ಹೇಳಿ ಬರುವುದಿಲ್ಲ. ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ, ಬಿಡುಗಡೆಯಾಗುವ ಸಂಜೆ ಆರು ಗಂಟೆಗೆ, ಹಳೆಯ ಮನೆ ತೆಗೆದುಕೊಳ್ಳುವುದಿಲ್ಲ, ಹೊಸ ಮನೆಯಲ್ಲಿ ಮಂಚ ಖಾಲಿಯಿಲ್ಲ ಎಂದರೆ ಏನು ಮಾಡುವುದು? ಈ ಪ್ರಶ್ನೆಗೆ ಅತ್ತೆಯ ಹತ್ತಿರವೂ ಉತ್ತರವಿಲ್ಲ. ಆದರೆ ಇರುವವರು ಅವರು. ಕಟ್ಟುವುದೂ ಅವರ ಪಿಂಚಣಿಯಿಂದಲೇ.

ಅಕ್ಟೋಬರ್ 15, ಬುಧವಾರ. ಹಾಸನ

ಹಾಸನಾಂಬೆಯ ಬಾಗಿಲು ತೆರೆದಿದೆ. ವರ್ಷಕ್ಕೊಮ್ಮೆಯ ದರ್ಶನ, ಊರೆಲ್ಲ ಸರತಿ ಸಾಲು, ನಮ್ಮ ಬೀದಿಯಲ್ಲೂ ಯಾವ್ಯಾವುದೋ ಜಿಲ್ಲೆಯ ಕಾರುಗಳು. ಗೇಟಿಗೆ ಅಡ್ಡ ನಿಲ್ಲಿಸಿದವರನ್ನು ಬೈಯುತ್ತ ನಾನು ಸಾಮಾನು ಕಟ್ಟಿದೆ. ಒಂದು ಕೋಣೆಯಲ್ಲಿ ಹಿಡಿಯುವಷ್ಟೇ ಒಯ್ಯಬೇಕು. ಅತ್ತೆಯ ಪಟ್ಟಿ ಚಿಕ್ಕದು: ರೇಡಿಯೊ, ಎರಡು ಲಾಗ್ ಪುಸ್ತಕ (ಈಗ ಯಾರಿಗೂ ಬೇಡ, "ನನಗೆ ಬೇಕು"), ಹತ್ತಿ ಸೀರೆ ಬೇಡ ನೈಟಿ ಸಾಕು, ಆದರೆ ಗುಂಡಿಯದ್ದು ಬೇಡ, ಜಿಪ್ಪಿನದು. ಬೆರಳಿಗೆ ಗುಂಡಿ ಸಿಗುವುದಿಲ್ಲ. ದೇವರ ಪಟ ಒಂದೇ.

ನರ್ಸಮ್ಮನಿಗೆ ಫೋನ್ ಮಾಡಿ ಸದ್ಯಕ್ಕೆ ಬೇರೆ ಕಡೆ ಅಂತ ಹೇಳಿದೆ. "ಸರಿಯಾಗೇ ಇದೆ. ಬೇಕಾದಾಗ ಬನ್ನಿ, ಹೆಸರು ಬರೆದಿಟ್ಕೊಂಡಿರ್ತೀನಿ" ಎಂದರು. ಮುಂಗಡ ಕೇಳಲಿಲ್ಲ.

ಅಕ್ಟೋಬರ್ 28, ಮಂಗಳವಾರ. ಮೈಸೂರು

ಕರಾರಿನ ಮೇಲೆ ಕೂತೆವು. ಮ್ಯಾನೇಜರು ಇದುವರೆಗೆ ಯಾರೂ ಇದನ್ನು ಪೂರ್ತಿ ಓದಿಲ್ಲ ಮೇಡಂ ಎಂದರು, ಹೊಗಳಿಕೆಯೋ ದೂರೋ. ಕೊನೆಗೆ ಒಪ್ಪಿಸಿದ್ದು ಇಷ್ಟು. ಹಾಸಿಗೆ ಹಿಡಿದರೆ 15 ದಿನವಲ್ಲ, 60 ದಿನ, ಆ ಅವಧಿಯಲ್ಲಿ ನಮ್ಮ ಖರ್ಚಿನಲ್ಲಿ ಆಯಾ ಇಟ್ಟುಕೊಳ್ಳಬಹುದು. ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ವಾಪಸು ತೆಗೆದುಕೊಳ್ಳಲೇಬೇಕು. 'ಆಡಳಿತ ಮಂಡಳಿ ನಿರ್ಧರಿಸಿದಂತೆ' ದರ ಏರಿಕೆ ಎಂದಿದ್ದಲ್ಲಿ ವರ್ಷಕ್ಕೆ ಶೇ 8 ಮೀರದಂತೆ. ಠೇವಣಿ 2 ಲಕ್ಷ, ಖಾಲಿ ಮಾಡಿದ 30 ದಿನದೊಳಗೆ ವಾಪಸು, ಗೋಡೆಗೆ ಬಣ್ಣ ಬಳಿದ ಲೆಕ್ಕ ಕಳೆಯುವಂತಿಲ್ಲ. ಮೊದಲ ತಿಂಗಳು ಪರೀಕ್ಷೆಯ ವಾಸ, ಠೇವಣಿಯಿಲ್ಲದೆ.

ಮಾತ್ರೆಯದು ದೊಡ್ಡ ಜಗ್ಗಾಟ. ಔಷಧಿಯೆಲ್ಲ ಸಿಬ್ಬಂದಿಯ ಬಳಿಯೇ ಇರಬೇಕೆಂಬುದು ಮನೆಯ ನಿಯಮ. ನರರೋಗ ತಜ್ಞರ ಪತ್ರ ತಂದು, ಐದು ಹೊತ್ತಿನ ಪಟ್ಟಿಯನ್ನು ಕರಾರಿಗೇ ಲಗತ್ತಿಸಿದೆವು. ಕೋಣೆಯ ಬಾಗಿಲ ಒಳಗೆ ಕೆಂಪು ಕಾರ್ಡು: ವಾಂತಿಗೆಂದು ಮೆಟೋಕ್ಲೋಪ್ರಮೈಡ್ ಕೊಡಬಾರದು, ಗಲಾಟೆ ಮಾಡಿದರೆಂದು ಹ್ಯಾಲೋಪೆರಿಡಾಲ್ ಕೊಡಬಾರದು. ಎರಡೂ ಸಾಮಾನ್ಯವಾಗಿ ಕೈಗೆಟುಕುವ ಔಷಧಿಗಳು, ಎರಡೂ ಈ ಕಾಯಿಲೆಯವರನ್ನು ಕಂಬ ಮಾಡಿಬಿಡುತ್ತವೆ.

ಒಂಟಿ ಕೋಣೆಯೇ ಬೇಕಾಯಿತು, ಅದಕ್ಕೆ 42,000. ಕನಸಿನಲ್ಲಿ ಅತ್ತೆ ಕೂಗುತ್ತಾರೆ, ಕೈ ಬೀಸುತ್ತಾರೆ. ಹೆಚ್ಚಾಗಿ ತರಗತಿಯ ಕನಸು. "ಕೂತ್ಕೊಳ್ಳೋ!" ಎಂದು ರಾತ್ರಿ ಎರಡಕ್ಕೆ ಗದರಿದರೆ ಪಕ್ಕದ ಮಂಚದವರ ಗತಿ ಏನು. "ನಿದ್ದೇಲೂ ಪಾಠ ಮಾಡ್ತೀನಲ್ಲ, ಫೀಸು ಕಡಿಮೆ ಮಾಡಿ" ಅಂತ ಅತ್ತೆ ಮ್ಯಾನೇಜರನ್ನು ಕೇಳಿದರು.

ತುರ್ತಿನಲ್ಲಿ ಯಾವ ಆಸ್ಪತ್ರೆ ಎಂಬ ಕಾಲಂ ತುಂಬುವಾಗ ಅವರು ಇನ್ನೊಂದು ಕಾಗದ ಹೊರತೆಗೆದರು, ಹಾಸನದಲ್ಲೇ ನೋಟರಿ ಮಾಡಿಸಿ ತಂದದ್ದು, ನನಗೂ ಹೇಳದೆ. ಗುಣವಾಗುವ ಆಸೆಯಿಲ್ಲದಾಗ ವೆಂಟಿಲೇಟರ್ ಬೇಡ ಎಂಬ ಮುಂಚಿತ ಇಚ್ಛಾಪತ್ರ. ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದ್ದು 2018ರಲ್ಲಿ, ವಿಧಾನ ಸಲೀಸು ಮಾಡಿದ್ದು 2023ರ ಜನವರಿಯಲ್ಲಿ. ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದಕ್ಕೆ ಆದೇಶ ಹೊರಡಿಸಿದ್ದು ಈ ವರ್ಷ ಜನವರಿ 30ರಂದು. ಸಾಕ್ಷಿಗಳ ಜಾಗದಲ್ಲಿ ಅವರ ಇಬ್ಬರು ಹಳೆಯ ವಿದ್ಯಾರ್ಥಿಗಳ ಸಹಿ. ನಿರ್ಧಾರ ಹೇಳುವವರ ಜಾಗದಲ್ಲಿ ನನ್ನ ಹೆಸರು. ಓದಿ ಮಡಿಸಿ ಫೈಲಿನೊಳಗೆ ಇಟ್ಟೆ.

ನವೆಂಬರ್ 3, ಸೋಮವಾರ

ಸೇರಿಸಿ ಬಂದೆವು. ತಮ್ಮನೂ ಬಂದಿದ್ದ, ಮಂಚದ ಪಕ್ಕದ ಕರೆಗಂಟೆಯನ್ನು ತಾನೇ ಒತ್ತಿ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ನೋಡಿದ. ಬಂದರು. ಇನ್ನೊಂದು ಸಲ ಒತ್ತಿದ. ಅತ್ತೆ, "ಸಾಕು ಬಿಡೋ, ಆ ಹುಡುಗಿಗೆ ಬೇರೆ ಕೆಲಸ ಇಲ್ವಾ" ಎಂದರು. ಬರೆಯಲು ಇವತ್ತು ಬೇರೇನೂ ಬೇಡ.

ನವೆಂಬರ್ 12, ಬುಧವಾರ

ಪಿಂಚಣಿಯ ಲೈಫ್ ಸರ್ಟಿಫಿಕೇಟಿನ ತಿಂಗಳು. ಬ್ಯಾಂಕಿಗೆ ಹೋಗಬೇಕಿಲ್ಲ, ಫೋನಿಗೆ ಮುಖ ತೋರಿಸಿದರೆ ಸಾಕು ಅಂತ ಆ್ಯಪ್ ಹಾಕಿಕೊಂಡು ಹೋಗಿದ್ದೆ. ಮುಖ ಹಿಡಿಯಿತು, ಆಮೇಲೆ ಕಣ್ಣು ಮಿಟುಕಿಸಿ ಎಂದು ಕೇಳಿತು. ಪಾರ್ಕಿನ್ಸನ್‌ನಲ್ಲಿ ಕಣ್ಣು ಮಿಟುಕುವುದೇ ಅಪರೂಪ. ಬೇಕೆಂದು ಮಿಟುಕಿಸಿದರೆ ರೆಪ್ಪೆ ಅರ್ಧ ಇಳಿದು ನಿಲ್ಲುತ್ತದೆ. ಆ್ಯಪ್ ಮತ್ತೆ ಮತ್ತೆ ತಿರಸ್ಕರಿಸಿತು. "ಸರ್ಕಾರದ ಲೆಕ್ಕದಲ್ಲಿ ನಾನು ಹೋದೆ ಅಂತ ಕಾಣುತ್ತೆ" ಎಂದರು ಅತ್ತೆ.

ಊಟ ತಂದ ಹುಡುಗಿ ಸ್ವಲ್ಪ ಹೊತ್ತು ನೋಡುತ್ತಿದ್ದು, ತಟ್ಟೆ ಕೆಳಗಿಟ್ಟು, ಅತ್ತೆಯ ಮುಖದ ಮುಂದೆ ಫಟ್ ಅಂತ ಚಪ್ಪಾಳೆ ಹೊಡೆದಳು. ಎರಡೂ ರೆಪ್ಪೆ ಬಡಿದವು. ಫೋನಿನಲ್ಲಿ ಹಸಿರು ಗುರುತು. ಅತ್ತೆ ಅವಳ ಹೆಸರು, ಊರು, ಎಷ್ಟನೇ ಕ್ಲಾಸಿಗೆ ಬಿಟ್ಟೆ ಎಲ್ಲ ವಿಚಾರಿಸಿದರು. ಹತ್ತನೇ ಕ್ಲಾಸು, ಹೋದದ್ದು ಗಣಿತದಲ್ಲೇ.

ನವೆಂಬರ್ 30, ಭಾನುವಾರ

ಪರೀಕ್ಷೆಯ ತಿಂಗಳು ಮುಗಿಯುತ್ತ ಬಂತು. ಅತ್ತೆಯ ದೂರುಗಳು: ವಾರದಲ್ಲಿ ಮೂರು ದಿನ ಉಪ್ಪಿಟ್ಟು, ಟೀವಿಯ ಗದ್ದಲ, ಎಂಜಿನಿಯರು ಸೋತರೆ ಒಪ್ಪುವುದಿಲ್ಲ. ಇವೆಲ್ಲ ಬಾಯಿಮಾತಿನವು. ಬರೆದಿಟ್ಟದ್ದು ಒಂದೇ. ಬಂದ ದಿನದಿಂದ ಪ್ರತಿ ಮಾತ್ರೆ ಎಷ್ಟು ಗಂಟೆಗೆ ಬರಬೇಕಿತ್ತು, ಎಷ್ಟಕ್ಕೆ ಬಂತು ಎಂದು ನೋಟ್‌ಬುಕ್ಕಿನಲ್ಲಿ ಸಾಲು ಹಾಕಿದ್ದಾರೆ. ಅವರು ಹೇಳಿದ್ದಾರೆ, ಊಟ ತರುವ ಆ ಹುಡುಗಿ ಬರೆದಿದ್ದಾಳೆ, ಸರಾಸರಿ ತೆಗೆಯುವುದನ್ನೂ ಅವಳಿಂದಲೇ ಮಾಡಿಸಿದ್ದಾರೆ. ನಾಲ್ಕು ಹೊತ್ತಿನದು ಪರವಾಗಿಲ್ಲ. ಸಂಜೆ ಆರರದ್ದು ಮಾತ್ರ ಹೆಚ್ಚುಕಡಿಮೆ ದಿನವೂ ತಡ, ಒಮ್ಮೆ ನಲವತ್ತು ನಿಮಿಷ. ಸಂಜೆ ಆರಕ್ಕೆ ಪಾಳಿ ಬದಲಾಗುತ್ತದೆ. ಹೋಗುವವರು ಬರುವವರು ಕೊಡುತ್ತಾರೆ ಅಂದುಕೊಳ್ಳುತ್ತಾರೆ, ಬರುವವರು ಕೊಟ್ಟಾಗಿದೆ ಅಂದುಕೊಳ್ಳುತ್ತಾರೆ. ನಾನು ರಾತ್ರಿ ಒಂಬತ್ತಕ್ಕೆ ಹೋಗಿ ನೋಡಿದವಳು, ಸಂಜೆ ಆರಕ್ಕೆ ಹೋಗಿ ನೋಡಬೇಕು ಅಂತ ಯಾರೂ ಹೇಳಿರಲಿಲ್ಲ.

ಮ್ಯಾನೇಜರು ನೋಟ್‌ಬುಕ್ ನೋಡಿ ತಲೆ ಕೆರೆದುಕೊಂಡರು. ಇನ್ನು ಆರರ ಮಾತ್ರೆ ಹಗಲು ಪಾಳಿಯವರದು, ಕೊಟ್ಟು ಸಹಿ ಮಾಡಿಯೇ ಮನೆಗೆ ಹೊರಡಬೇಕು ಎಂದು ಬೋರ್ಡಿನಲ್ಲಿ ಬರೆಸಿದ್ದಾರೆ.

ಬಿಲ್ಲಿನಲ್ಲಿ ಬಳಸದ ಡೈಪರಿನ ಲೆಕ್ಕ ಸೇರಿತ್ತು, ಕಳೆಸಿದೆ. ಠೇವಣಿಯ ಚೆಕ್ಕು ಬರೆಯಲು ಹೋದಾಗ ಅತ್ತೆ ತಡೆದರು. ಡಿಸೆಂಬರಿನದೂ ಪರೀಕ್ಷೆಯ ತಿಂಗಳೇ ಅಂತ ಕೇಳಿನೋಡು, ಆರು ಗಂಟೆಯದು ಸರಿಹೋಗುತ್ತಾ ನೋಡಬೇಕಲ್ಲ ಎಂದರು. ಮ್ಯಾನೇಜರು ಅರ್ಧ ಠೇವಣಿಗೆ ಇಳಿದರು. ಒಂದು ಲಕ್ಷಕ್ಕೆ ರಸೀತಿ ಪಡೆದೆ.

ಹಾಸನದ ಮನೆಗೆ ತಮ್ಮ ಬಾಡಿಗೆದಾರರನ್ನು ಹುಡುಕಿದ್ದಾನೆ, ಕಾಲೇಜಿನಲ್ಲಿ ಪಾಠ ಮಾಡುವ ದಂಪತಿ, ಮೂರು ವರ್ಷಕ್ಕೆ ಬರೆದುಕೊಡಿ ಅನ್ನುತ್ತಾರಂತೆ. ಅತ್ತೆ ಹನ್ನೊಂದು ತಿಂಗಳ ಮೇಲೆ ಒಂದು ದಿನವೂ ಇಲ್ಲ ಎಂದಿದ್ದಾರೆ. ನಾಳೆ ಅವನಿಗೆ ಹೇಳಬೇಕು. ನರ್ಸಮ್ಮನಿಗೂ ಒಂದು ಫೋನ್ ಮಾಡಬೇಕು, ಹೆಸರು ಪಟ್ಟಿಯಲ್ಲಿ ಇದೆಯಾ ಅಂತ.